ಶನಿವಾರದ ತಿದ್ದುಪಡಿ

ಶನಿವಾರ ಸಂಜೆ ಕಾರ್ಖಾನೆಯಲ್ಲಿ ಎಲ್ಲರ ತಪ್ಪು ತಿದ್ದುತ್ತಿದ್ದರು. ಒಂದೊಂದು ದೂರಿಗೂ ಮಣಿಕಟ್ಟಿಗೆ ಬಿಗಿದ ಪಟ್ಟಿಯಿಂದ ಒಂದು ಶಾಕ್. ಬೇರಿಂಗ್ ಪರೀಕ್ಷಿಸುವ ನೀಲಾಂಬಿಕಾಗೆ ಆಟಿಸಂ ಇತ್ತು. ಅವಳ ಕೆಲಸದಲ್ಲಿ ತಪ್ಪಿರಲಿಲ್ಲ. ದೂರುಗಳೆಲ್ಲ ನಡವಳಿಕೆಯ ಮೇಲೆ.

"ಮುಖ ನೋಡಿ ಮಾತಾಡಂಗಿಲ್ಲ," ಎಂದು ದೂರಿನ ಹಾಳೆ ಓದಿ ಮ್ಯಾನೇಜರ್ ಗುರುಪಾದಪ್ಪ ಕೈಲಿದ್ದ ರಿಮೋಟಿನ ಗುಂಡಿ ಒತ್ತಿದ. ಅವಳ ಹಲ್ಲು ನಾಲಿಗೆಗೆ ನೆಟ್ಟು ರಕ್ತ ಬಂತು.

"ಯಾರ ಮುಖ, ಯಾವತ್ತು? ಬಿಡಿಸಿ ಹೇಳ್ರಿ ಸರ್, ತಿದ್ಕೋತೀನಿ."

"ಎದುರು ಮಾತಾಡ್ತಾಳ." ಮತ್ತೆ ಒತ್ತಿದ. ಅವಳು ಕುಸಿದು ಬಿದ್ದಳು.

"ನಗಂಗಿಲ್ಲ" ಎನ್ನುವಷ್ಟರಲ್ಲಿ ನೀಲಾಂಬಿಕಾ ಎದ್ದು, ಪಟ್ಟಿಯಿದ್ದ ಕೈಯಿಂದಲೇ ಅವನ ಕೈ ಹಿಡಿದಳು. ಗುಂಡಿ ಒತ್ತಿದ ಗುರುಪಾದಪ್ಪ ಶಾಕ್ ತನಗೂ ತಗುಲಿ ಚೀರುತ್ತ ಕುರ್ಚಿ ಸಮೇತ ಉರುಳಿದ. ಅವಳೂ ಜೊತೆಗೇ ಬಿದ್ದಳು. ಹಿಡಿತ ಮಾತ್ರ ಬಿಡಲಿಲ್ಲ.

"ಇನ್ನೂ ನಾಕು ಉಳಿದಾವ್ರಿ ಸರ್. ಓದ್ರಿ."

ದೂರಿನ ಹಾಳೆ ಅವನ ಎದೆಯ ಮೇಲೇ ಬಿದ್ದಿತ್ತು. ಅವನು ಓದಲಿಲ್ಲ. "ಮುಗೀತವ್ವಾ, ಎಲ್ಲಾ ಮುಗೀತು," ಎಂದು ಅಳತೊಡಗಿದ.