ಕೆಂಪು ಗೆರೆಯ ನಟ್ಟು

ಹಿಟ್ಟು ಕಲಸುವ ಯಂತ್ರ ಕಟಕಟ ಸದ್ದು ಮಾಡಿ ನಿಂತಿತು. ಮೋಟಾರು ತಿರುಗುತ್ತಲೇ ಇತ್ತು, ಹಿಟ್ಟಿನೊಳಗಿನ ತೋಳು ಮಾತ್ರ ಅಲುಗಲಿಲ್ಲ. ತಮ್ಮ ಸ್ವಿಚ್ ಆರಿಸಿ ಕ್ಲಚ್ಚನ್ನು ದುರುಗುಟ್ಟಿ ನೋಡಿದ. ನಾಲ್ಕು ಗಂಟೆಯ ಚಹಾಕ್ಕೆ ಆಸ್ಪತ್ರೆಗೆ ಇನ್ನೂರು ಬನ್ನು ಹೋಗಬೇಕಿತ್ತು.

“ನಿನ್ನೆ ತಾನೆ ನಟ್ಟು ಬಿಗಿ ಮಾಡಿದ್ದೆ. ಇದಕ್ಕೇನು ರೋಗ?”

ಅಕ್ಕ ಬನ್ನಿನ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದಳು.

ಹಿಂದಿನ ವರ್ಷ ಈ ಯಂತ್ರದ ಗೇರಿನ ಹಲ್ಲು ಮುರಿದು ಅವರ ಬೇಕರಿ ಹದಿನೈದು ದಿನ ಮುಚ್ಚಿತ್ತು. ಆಮೇಲೆ ಮೆಕ್ಯಾನಿಕ್ ತಾತ ಈ ಕ್ಲಚ್ಚು ಕೂಡಿಸಿ, ಹೊರೆ ಮೀರಿದರೆ ಇದು ತಾನೇ ಜಾರಿ ಗೇರನ್ನು ಕಾಯುತ್ತದೆಂದು ತಿಳಿಸಿ, ನಟ್ಟು ಎಲ್ಲಿ ನಿಲ್ಲಬೇಕೆಂದು ಕೆಂಪು ಗೆರೆ ಎಳೆದಿದ್ದರು. ಆ ಗೆರೆ ಹೇಡಿಗಳಿಗೆ ಎನ್ನುವುದು ತಮ್ಮನ ವಾದ. ಕ್ಲಚ್ಚು ಜಾರಲೇಬಾರದೆಂದು ದಿನಾ ಸಂಜೆ ಗೆರೆ ದಾಟಿಸಿ ನಟ್ಟು ಬಿಗಿ ಮಾಡುತ್ತಿದ್ದ. ಬೆಳಗಾದರೆ ಅದು ಮತ್ತೆ ಸಡಿಲ. ಯಂತ್ರದ ನಡುಕಕ್ಕೆ ಹಾಗಾಗುತ್ತದೆಂದು ನಂಬಿದ್ದ.

ಈಗ ಬಿಗಿ ಮಾಡೋಣವೆಂದರೆ ಸ್ಪ್ಯಾನರ್ ಇಲ್ಲ. ಕಪಾಟು, ಕಿಟಕಿ, ಸಕ್ಕರೆ ಡಬ್ಬದ ಹಿಂದೆ ಎಲ್ಲ ತಡಕಾಡಿದ. ಕೊನೆಗೆ ಕೈಯಲ್ಲೇ ಕಲಸುತ್ತೇನೆಂದು ತೋಳೇರಿಸಿ ಹಿಟ್ಟಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಹೊರಬಂದ ಕೈಯಲ್ಲಿ ಸ್ಪ್ಯಾನರ್ ಇತ್ತು, ಮೈತುಂಬ ಹಿಟ್ಟು ಮೆತ್ತಿಕೊಂಡು. ನಿನ್ನೆ ಅದನ್ನು ಮೈದಾ ಡ್ರಮ್ಮಿನ ಅಂಚಿಗೆ ಇಟ್ಟದ್ದು, ಇವತ್ತು ಅವಸರದಲ್ಲಿ ಜರಡಿ ಹಿಡಿಯದೆ ಮೈದಾ ಸುರಿದದ್ದು, ಎರಡೂ ಒಟ್ಟಿಗೆ ನೆನಪಾದವು. ಸ್ಪ್ಯಾನರ್ ತೋಳಿಗೆ ಸಿಕ್ಕಿಕೊಂಡಿದ್ದಕ್ಕೇ ಕ್ಲಚ್ಚು ಜಾರಿತ್ತು. ನಟ್ಟು ಬಿಗಿಯಾಗಿದ್ದಿದ್ದರೆ ಗೇರಿನ ಹಲ್ಲು ಪುಡಿಪುಡಿ.

ಅವನು ನಟ್ಟನ್ನು ನೋಡಿದ. ಕೆಂಪು ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತ್ತು. ತಾನೇ ಸಡಿಲವಾಗುವ ನಟ್ಟು ದಿನಾ ಅದೇ ಜಾಗಕ್ಕೆ ಬರುವುದುಂಟೆ?

“ನೀನಾ?”

ಅಕ್ಕ ಏಪ್ರನ್ನಿನ ಜೇಬಿನಿಂದ ಇನ್ನೊಂದು ಸ್ಪ್ಯಾನರ್ ತೆಗೆದು ತೋರಿಸಿದಳು. “ತಾತ ಕೊಟ್ಟುಹೋಗಿದ್ರು. ದಿನಾ ಬೆಳಿಗ್ಗೆ, ನೀನು ಬರೋದಕ್ಕೆ ಮುಂಚೆ.”

“ಒಂದು ವರ್ಷದಿಂದಾನಾ? ಒಂದು ಮಾತು ಹೇಳಬಾರದಿತ್ತಾ ಅಕ್ಕ?”

“ಹೇಳಿದ್ದಿದ್ರೆ ನೀನು ಇನ್ನೂ ಒಂದು ಸುತ್ತು ಬಿಗಿ ಮಾಡ್ತಿದ್ದೆ.”

ಅವನಿಗೆ ಮೊದಲು ಮುಖ ಕೆಂಪಾಯಿತು, ಆಮೇಲೆ ನಗು ಬಂತು. ಆ ಹಿಟ್ಟನ್ನು ಬಿಸಾಡಿ, ತಾನೇ ಕೂತು ಮೈದಾ ಜರಡಿ ಹಿಡಿದ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಿಸಿಬಿಸಿ ಬನ್ನು ಆಸ್ಪತ್ರೆ ತಲುಪಿತು.

ಮರುದಿನ ಬೆಳಿಗ್ಗೆ ಅಕ್ಕ ಅಭ್ಯಾಸಬಲದಿಂದ ಸ್ಪ್ಯಾನರ್ ಹಿಡಿದು ಯಂತ್ರದ ಬಳಿ ಹೋದಳು. ನಟ್ಟು ಗೆರೆಯ ಮೇಲೇ ಇತ್ತು. ಮಾಸಿಹೋಗಿದ್ದ ಗೆರೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಮುಟ್ಟಿ ನೋಡಿದಳು. ಹಸಿ ಬಣ್ಣ ಬೆರಳಿಗೆ ಅಂಟಿತು.