ಬಾಗಿಲು ಬಡಿದ ಹಾಡು

“ಇದು ಒಂಟಿತನದ ಆಲ್ಬಂ,” ಎಂದ ಜೀಶಾನ್, ಕಣ್ಣು ಅರೆಮುಚ್ಚಿ. “ಕಾಕ್ಸ್ ಟೌನಲ್ಲಿ ಒಂದು ರೂಮು, ನಾನು, ನನ್ನ ಗಿಟಾರ್. ಮೂರನೆಯವರಿಗೆ ಅಲ್ಲಿ ಜಾಗಾನೇ ಇರ್ಲಿಲ್ಲ.”

ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಭವ್ಯ ಮೊಬೈಲನ್ನು ಅವನ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. ಆನ್‌ಲೈನ್ ಪತ್ರಿಕೆಯೊಂದಕ್ಕೆ ಸಂಗೀತಗಾರರನ್ನು ಮಾತಾಡಿಸಿ ಬರೆಯುವುದು ಅವಳ ಕೆಲಸ. ಜೀಶಾನನ ಹೊಸ ಆಲ್ಬಂ ಊರಿನ ಅರ್ಧ ಹುಡುಗರ ಕಿವಿಯಲ್ಲಿ ಕೂತಿತ್ತು. ಇನ್ನು ಟೂರ್ ಶುರು: ಮೊದಲು ಮೈಸೂರು, ಆಮೇಲೆ ಹುಬ್ಬಳ್ಳಿ, ಮಂಗಳೂರು. ಒಂಟಿತನವನ್ನು ಊರೂರಿಗೆ ಹೊತ್ತು ತಿರುಗುವುದು ಒಬ್ಬನಿಂದ ಆಗುವ ಕೆಲಸವಲ್ಲ, ಅದಕ್ಕೊಂದು ಬ್ಯಾಂಡ್ ಬೇಕು. ಆ ಬ್ಯಾಂಡ್ ಈಗ ಕೆ.ಆರ್. ಪುರದಲ್ಲಿ, ಡ್ರಮ್ಮರ್ ಪ್ರೇಮ್‌ಕುಮಾರನ ಮನೆಯ ಕೆಳಗಿನ ಕೋಣೆಯಲ್ಲಿ ಅಭ್ಯಾಸಕ್ಕೆ ಸೇರಿತ್ತು. ಅವನ ತಾತನ ಕಾಲಕ್ಕೆ ಅಲ್ಲಿ ಎಮ್ಮೆ ಕಟ್ಟುತ್ತಿದ್ದರು. ಮೇಲೆ ಅಂತಸ್ತಿನ ಮೇಲೆ ಅಂತಸ್ತು ಎದ್ದು ಬಾಡಿಗೆಯವರು ತುಂಬಿಕೊಂಡರೂ, ಗೋಡೆಗಳು ಇನ್ನೂ ಎಮ್ಮೆಗಳನ್ನು ಪೂರ್ತಿ ಮರೆತಿರಲಿಲ್ಲ.

“ಎಲ್ಲರೂ ಕೇಳ್ತಿರೋದು ಒಂದೇ ಪ್ರಶ್ನೆ,” ಎಂದಳು ಭವ್ಯ. “ಯಾವ ಹಾಡು ಕೇಳಿದ್ರೂ ಬಿಟ್ಟುಹೋಗೋ ಹುಡುಗಿ ಒಬ್ಳು ಬರ್ತಾಳೆ. ಯಾರು ಅವ್ರು?”

ಪ್ರೇಮ್‌ಕುಮಾರನಿಗೆ ತಟ್ಟನೆ ಡ್ರಮ್ಮಿನ ನಟ್ಟು ಬಿಗಿ ಮಾಡುವ ಕೆಲಸ ನೆನಪಾಯಿತು.

“ಅದು ವ್ಯಕ್ತಿ ಅಲ್ಲ,” ಎಂದ ಜೀಶಾನ್ ಗಂಭೀರವಾಗಿ. “ಅದೊಂದು ಸ್ಥಿತಿ.”

ಮೂಲೆಯಲ್ಲಿ ಬೇಸ್ ಗಿಟಾರಿನ ಶ್ರುತಿ ನೋಡುತ್ತಿದ್ದ ಸುಮೈರಾ ತಲೆ ಎತ್ತದೆಯೇ ಹೇಳಿದಳು, “ಸ್ಥಿತಿಗೆ ಒಂದು ಟೀ ಹೇಳಿ ಯಾರಾದ್ರೂ. ಸಕ್ಕರೆ ಕಮ್ಮಿ.”

ಭವ್ಯ ಅವಳನ್ನು ನೋಡಿದಳು, ಅವನನ್ನು ನೋಡಿದಳು. ಕೇಳುವ ಮೊದಲೇ ಸುಮೈರಾ, “ಹೌದು ರೀ, ನಾನೇ. ಇವನ ಮಾಜಿ ಹೆಂಡ್ತಿ,” ಎಂದಳು, ಬಸ್ಸಿನಲ್ಲಿ ಇಳಿಯುವ ಸ್ಟಾಪಿನ ಹೆಸರು ಹೇಳುವಷ್ಟು ಸಲೀಸಾಗಿ.

ಆದದ್ದಿಷ್ಟು. ಬ್ಯಾಂಡಿನಲ್ಲಿ ಮೊದಲಿದ್ದ ಬೇಸ್ ವಾದಕ, ಹಡಗಿನಲ್ಲಿ ಪ್ರವಾಸಿಗರಿಗೆ ನುಡಿಸುವ ಕೆಲಸ ಸಿಕ್ಕಿ ಹೊರಟುಹೋಗಿದ್ದ. ಜೀಶಾನ್ ಫ್ರೇಜರ್ ಟೌನಿನಿಂದ ಇಂದಿರಾನಗರದವರೆಗೆ ಯಾರ್ಯಾರನ್ನೋ ಕರೆದು ನುಡಿಸಿ ನೋಡಿದ. ಯಾರ ಕೈಯಲ್ಲೂ ಹಾಡು ಎದ್ದು ನಿಲ್ಲಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಸುಮೈರಾಳಿಗೇ ಫೋನ್ ಮಾಡಿದ. ಅವಳು ಆಲ್ಬಂ ಪೂರ್ತಿ ಕೇಳಿ, ಮಾರನೆಯ ದಿನ ಗಿಟಾರ್ ಬೆನ್ನಿಗೆ ಹಾಕಿಕೊಂಡು ಬಂದುಬಿಟ್ಟಳು.

“ದಿನಾ ಸ್ಟೇಜ್ ಮೇಲೆ ನಿಂತು, ನಿಮ್ಮನ್ನೇ ಬಯ್ಯೋ ಹಾಡಿಗೆ ನುಡಿಸ್ತೀರಾ?” ಎಂದು ಕೇಳಿದಳು ಭವ್ಯ.

“ಹಾಡು ಚೆನ್ನಾಗಿವೆ. ವಿಷಯ ನಾನಾಗ್ಬಿಟ್ಟೆ, ಏನ್ ಮಾಡೋದು?” ಸುಮೈರಾ ಒಂದು ತಂತಿ ಮೀಟಿ ಕಿವಿಗೊಟ್ಟಳು. “ಒಂದೇ ತಕರಾರು. ಆ ಕೊನೇ ಹಾಡು ಸುಳ್ಳು.”

ಜೀಶಾನ್ ನೆಟ್ಟಗೆ ಕೂತ. ಜನ ಹುಚ್ಚೆದ್ದು ಕೇಳುತ್ತಿದ್ದದ್ದೇ ಆ ಹಾಡು. ಮಳೆಯ ರಾತ್ರಿ, ಧಡಾರನೆ ಬಾಗಿಲು ಬಡಿದು ಹೋಗುವವಳು, ಒಳಗೆ ಒಬ್ಬನೇ ಉಳಿಯುವವನು. ಆ ಬಡಿತಕ್ಕೆಂದು ಪ್ರೇಮ್‌ಕುಮಾರನ ಅಪ್ಪನ ಅಂಗಡಿಯ ಶಟರನ್ನು ಮತ್ತೆ ಮತ್ತೆ ಎಳೆದು ರೆಕಾರ್ಡ್ ಮಾಡಿ, ಬಾಡಿಗೆಯವರ ಕೈಲಿ ಬೈಸಿಕೊಂಡಿದ್ದರು.

“ಮಳೆ ಎಲ್ಲಿತ್ತು? ಬಿಸಿಲು ನೆತ್ತಿ ಸುಡ್ತಿತ್ತು,” ಎಂದಳು ಸುಮೈರಾ. “ಇವ್ನು ಬಾಯಿ ತೆರ್ಕೊಂಡು ಮಲಗಿದ್ದ. ಆಟೋದವ್ರು ಪಾಪ, ಮೇಲೆ ಬಂದು ನನ್ನ ಸ್ಪೀಕರ್ ಇಳಿಸಿಕೊಟ್ರು. ನಾನು ಚಪ್ಪಲಿ ಕೈಲಿ ಹಿಡ್ಕೊಂಡು ಹೊರಗೆ ಬಂದೆ. ಬಾಗಿಲು ಮೆಲ್ಲಗೆ ಹಾಕ್ದೆ. ಹಿಂದಿನ ದಿನ ಶೋ ಇತ್ತು, ಸುಸ್ತಾಗಿದ್ದ, ನಿದ್ದೆ ಕೆಡೋದು ಬೇಡ ಅಂತ.”

ಮೇಲಿನ ಮನೆಯಲ್ಲಿ ಯಾರೋ ಮಿಕ್ಸಿ ತಿರುಗಿಸಿದರು. ಜೀಶಾನ್ ಇಷ್ಟು ದಿನ ಆ ಬಾಗಿಲಿನ ಸದ್ದನ್ನು ಎದೆಯಲ್ಲಿಟ್ಟು ಸಾಕಿದ್ದ. ಅದರಿಂದ ಬೆಚ್ಚಿ ಎದ್ದೆ ಎಂದು ಗೆಳೆಯರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದ. ಈಗ ಅದನ್ನು ನೆನಪಿಗೆ ತಂದುಕೊಳ್ಳಲು ಹೋದರೆ, ಕೇಳಿಸಿದ್ದು ಅಂಗಡಿಯ ಶಟರ್ ಮಾತ್ರ. ಸಿಟ್ಟಿನಿಂದ ಹೋದವಳ ಮೇಲೆ ಹಾಡು ಕಟ್ಟುವುದು ಅವನಿಗೆ ಗೊತ್ತಿತ್ತು. ನಿದ್ದೆ ಕೆಡದ ಹಾಗೆ ನೋಡಿಕೊಂಡು ಹೋದವಳನ್ನು ಏನು ಮಾಡಬೇಕೋ ತಿಳಿಯಲಿಲ್ಲ.

“ಬದಲಾಯಿಸ್ತೀನಿ,” ಎಂದು ಗಿಟಾರ್ ಎತ್ತಿಕೊಂಡ. “ನೀ ಬಡಿದ ಬಾಗಿಲು” ಎಂದಿದ್ದಲ್ಲಿ “ನೀ ಮೆಲ್ಲಗೆ ಹಾಕಿಹೋದ ಬಾಗಿಲು” ಎಂದು ಹಾಡಿದ. ಸಾಲು ತಾಳದ ಹೊರಗೆ ಚೆಲ್ಲಿತು. ಬೇಗ ಬೇಗ ಹಾಡಿ ನೋಡಿದ. ಬಸ್ ತಪ್ಪಿದವನ ಹಾಗೆ ಕೇಳಿಸಿತು.

“ಮಗಾ, ಅಲ್ಲಿ ನಾನು ಧಡ್ ಅಂತ ಹೊಡೀಬೇಕು,” ಎಂದ ಪ್ರೇಮ್‌ಕುಮಾರ. “ಮೆಲ್ಲಗೆ ಅಂದ್ರೆ ನಾನೇನು ಡ್ರಮ್ ಸವರ್ತಾ ಕೂರ್ಲಾ?”

“ಸುಳ್ಳೇ ಇರ್ಲಿ ಬಿಡು,” ಎಂದಳು ಸುಮೈರಾ. “ಜನ ಅಳೋದೇ ಅಲ್ಲಿ.”

ಭವ್ಯ ತಾನಾಗಿಯೇ ಮೊಬೈಲ್ ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡಳು.

ಜೀಶಾನ್ ಎದ್ದು ಸುಮೈರಾಳ ಹತ್ತಿರ ಹೋಗಿ ನಿಂತ. ಉಳಿದವರಿಗೆ ತಿಳಿಯದಿರಲೆಂದು, ಮನೆಯಲ್ಲಾಡುವ ದಖ್ನಿ ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ. ಒಂದು ಸಲ ಎಬ್ಬಿಸಬಹುದಿತ್ತಲ್ಲ, ಯಾಕೆ ಎಬ್ಬಿಸಲಿಲ್ಲ?

ಸುಮೈರಾ ಎಲ್ಲರಿಗೂ ಕೇಳಿಸುವಂತೆ ಕನ್ನಡದಲ್ಲೇ ಹೇಳಿದಳು:

“ಎಬ್ಬಿಸಿದ್ರೆ, ನೀನು ಮೊದ್ಲು ಹಾಡು ಕಟ್ಟೋಕೆ ಗಿಟಾರ್ ಹುಡುಕ್ತಿದ್ದೆ.”