ಮಾತಿಗೆ ಏಳುವ ಮುಳ್ಳು

ಹೊಡೆಯುವ ಗಂಡನಿಂದ ತಪ್ಪಿಸಿಕೊಂಡ ಹೇಮಲತೆ ಎರಡು ಸಲ ಮನೆ ಬದಲಿಸಿದ್ದಳು. ಎರಡು ಸಲವೂ ಅವನು ಹುಡುಕಿಕೊಂಡು ಬಂದಿದ್ದ. ಈಗ ಅವಳು ರೇಡಿಯೊ ರಿಪೇರಿ ಮಾಡುವ ಗೆಳತಿ ಫರ್ಹಾನಾಳ ಮುಂದೆ ತನ್ನ ಮೇಜಿನ ಗಡಿಯಾರ ಇಟ್ಟಳು.

“ವಾರಕ್ಕೊಂದು ಬ್ಯಾಟರಿ ತಿನ್ನುತ್ತೆ ಕಣೆ ಇದು.”

ತೀರಾ ಸಣ್ಣ ಕರೆಂಟೂ ಕಾಣಲೆಂದು ಫರ್ಹಾನಾ ತನ್ನ ಹಳೆಯ ಮೀಟರಿನ ರೆಸಿಸ್ಟರ್ ಬದಲಿಸಿದ್ದಳು. ಅದನ್ನೇ ಗಡಿಯಾರಕ್ಕೆ ಜೋಡಿಸಿದಳು.

“ಏನಾಗಿದೆ ಇದಕ್ಕೆ?” ಎಂದು ಹೇಮಲತೆ ಕೇಳುತ್ತಿದ್ದಂತೆ ಮೀಟರಿನ ಮುಳ್ಳು ಏರಿತು. ಸುಮ್ಮನಾದಳು, ಇಳಿಯಿತು. ಫರ್ಹಾನಾ ಕೆಮ್ಮಿದಳು. ಮತ್ತೆ ಏರಿತು.

ಫರ್ಹಾನಾ ಬ್ಯಾಟರಿ ಕಿತ್ತು ಹಾಕಿದಳು.

“ನಾವು ಆಡೋ ಮಾತನ್ನೆಲ್ಲ ಇದು ಯಾರಿಗೋ ಕಳಿಸ್ತಿದೆ. ನಿನ್ನ ಗಂಡ ಕೊಟ್ಟಿದ್ದಾ?”

ಹೇಮಲತೆ ಗಡಿಯಾರವನ್ನು ದೂರ ತಳ್ಳಿದಳು.

“ಅಲ್ಲ ಕಣೆ. ನನ್ನನ್ನ ಬಚ್ಚಿಟ್ಟಿರೋ ಅಣ್ಣ ಕೊಟ್ಟಿದ್ದು.”